ನಡುಗಡಲಿನಲ್ಲಿ ಒಂದು ದಿನ



ಸಮುದ್ರಯಾನ ಎಂದೊಡನೆ ನಿಮ್ಮ ಕಣ್ಣ ಮುಂದೆ ಯಾವ ಚಿತ್ರ ಬರುತ್ತದೆ? ಮಹಡಿಯೆತ್ತರದ ಅಲೆ, ಮಗ್ಗುಲಾಗಿ ವಾಲಿದ ದೋಣಿ, ಹಗ್ಗ ಹಿಡಿದು ಹೋರಾಡುವ ನಾವಿಕ. ದೂರದರ್ಶನದಲ್ಲಿ ನಾವು ತೋರಿಸುವುದೂ ಸಾಮಾನ್ಯವಾಗಿ ಇದನ್ನೇ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಬಿರುಗಾಳಿಗೆ ಜಾಗ ಸಿಗುತ್ತದೆ, ಪಾತ್ರೆ ತೊಳೆಯುವುದಕ್ಕೆ ಸಿಗುವುದಿಲ್ಲ. ಆದರೆ ಎಂಟು ತಿಂಗಳ ಯಾನದಲ್ಲಿ ಬಿರುಗಾಳಿಯ ದಿನಗಳು ಕೆಲವೇ ಕೆಲವು. ಉಳಿದ ದಿನಗಳಲ್ಲಿ ನಾವಿಕರು ಏನು ಮಾಡುತ್ತಾರೆ? ಇಂದಿನ ಭಾಷಣದ ವಿಷಯ ಅದೇ.

ಮೊದಲು ದೋಣಿಯ ಪರಿಚಯ. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿ ನಿಮಗೆ ಗೊತ್ತು. ಗೋವೆಯಲ್ಲಿ ಅದೇ ಮಾಂಡೋವಿ. ಆ ನದಿಯ ಹೆಸರನ್ನೇ ಹೊತ್ತ 'ಮ್ಹಾದೇಯಿ' ಎಂಬ ಹಾಯಿದೋಣಿಯನ್ನು ಗೋವೆಯ ದಿವಾಡಿ ದ್ವೀಪದಲ್ಲಿ ಕಟ್ಟಿದರು. ನೌಕಾಪಡೆಯ ದಿಲೀಪ್ ದೊಂಡೆ 2009ರ ಆಗಸ್ಟ್‌ನಲ್ಲಿ ಅದರಲ್ಲಿ ಒಬ್ಬರೇ ಹೊರಟು, ನಡುವೆ ನಾಲ್ಕು ಬಂದರುಗಳಲ್ಲಿ ತಂಗಿ, 2010ರ ಮೇ ತಿಂಗಳಲ್ಲಿ ಭೂಪ್ರದಕ್ಷಿಣೆ ಮುಗಿಸಿದರು. ಅಭಿಲಾಷ್ ಟಾಮಿ 2012ರ ನವೆಂಬರ್‌ನಿಂದ 2013ರ ಮಾರ್ಚ್ ಕೊನೆಯವರೆಗೆ ಎಲ್ಲಿಯೂ ನಿಲ್ಲದೆ ಅದೇ ದೋಣಿಯಲ್ಲಿ ಒಬ್ಬರೇ ಸುತ್ತಿ ಬಂದರು. ಇದೇ ವಿನ್ಯಾಸದ ಇನ್ನೊಂದು ದೋಣಿ 'ತಾರಿಣಿ'. 2017-18ರಲ್ಲಿ ವರ್ತಿಕಾ ಜೋಶಿ ಅವರ ನಾಯಕತ್ವದಲ್ಲಿ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ಅದರಲ್ಲಿ ಪ್ರಪಂಚ ಸುತ್ತಿದರು. 2024-25ರಲ್ಲಿ ದಿಲ್ನಾ ಕೆ. ಮತ್ತು ರೂಪಾ ಎ. ಇಬ್ಬರೇ ಅದನ್ನು ನಡೆಸಿಕೊಂಡು ಸುಮಾರು 25,400 ನಾಟಿಕಲ್ ಮೈಲು, ಅಂದರೆ 47,000 ಕಿಲೋಮೀಟರ್ ಕ್ರಮಿಸಿ ಗೋವೆಗೆ ಮರಳಿದರು.

ಈ ದೋಣಿಯ ಉದ್ದ 56 ಅಡಿ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ನೀವು ಕಾಣುವ ಅರವತ್ತು-ನಲವತ್ತರ ನಿವೇಶನದ ಉದ್ದಕ್ಕಿಂತ ನಾಲ್ಕು ಅಡಿ ಕಡಿಮೆ. ಅಗಲವೋ ಹದಿನಾರು ಅಡಿ ಅಷ್ಟೆ. ಅಡುಗೆಮನೆ, ಮಲಗುವ ಜಾಗ, ಉಗ್ರಾಣ, ಯಂತ್ರ, ನಕಾಶೆಯ ಮೇಜು, ಎಲ್ಲವೂ ಇದರಲ್ಲೇ. ಮತ್ತು ಇಡೀ ಮನೆ ಹಗಲಿರುಳೂ ಓಲಾಡುತ್ತಿರುತ್ತದೆ.

ಇಲ್ಲಿನ ದಿನ ಬೆಳಗಾಗುವುದರಿಂದ ಆರಂಭವಾಗುವುದಿಲ್ಲ, ಪಾಳಿಯಿಂದ ಆರಂಭವಾಗುತ್ತದೆ. ದೋಣಿಯನ್ನು ರಾತ್ರಿ ಎಲ್ಲಾದರೂ ನಿಲ್ಲಿಸಿ ಮಲಗೋಣವೆಂದರೆ ಸಾಗರದ ಆಳ ಕೆಲವು ಕಿಲೋಮೀಟರ್. ಲಂಗರು ತಳ ಮುಟ್ಟದು. ಆದ್ದರಿಂದ ಯಾರಾದರೊಬ್ಬರು ಎಚ್ಚರವಾಗಿರಲೇಬೇಕು. ಆರು ಜನರಿದ್ದರೆ ಇಬ್ಬಿಬ್ಬರಂತೆ ಮೂರು ಜೋಡಿ ಮಾಡಬಹುದು: ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು. ಇಬ್ಬರೇ ಇದ್ದರೆ? ಒಬ್ಬರು ಎದ್ದಾಗ ಇನ್ನೊಬ್ಬರು ಮಲಗಬೇಕು. ಒಂದೇ ಮನೆಯಲ್ಲಿದ್ದರೂ ಅವರು ನೆಮ್ಮದಿಯಾಗಿ ಮಾತಾಡುವುದು ಪಾಳಿ ಬದಲಾಗುವಾಗ ಮಾತ್ರ! ಒಬ್ಬರೇ ಇದ್ದರೆ ಸ್ವಯಂಚಾಲಿತ ಚುಕ್ಕಾಣಿಯನ್ನು ನಂಬಿ ತುಂಡು ತುಂಡಾಗಿ ನಿದ್ದೆ ಮಾಡಬೇಕು.

ಇನ್ನು ನೀರು. ಸುತ್ತಲೂ ನೀರಿರುವಾಗ ನೀರಿಗೇನು ಬರ ಎನ್ನುತ್ತೀರಾ? ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ನಮ್ಮ ಮೂತ್ರಪಿಂಡ ಅಷ್ಟು ಸಾಂದ್ರವಾದ ಮೂತ್ರವನ್ನು ತಯಾರಿಸಲಾರದು. ಕುಡಿದ ನೀರಿನ ಲವಣವನ್ನು ಹೊರಹಾಕಲು ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ಅದು ದೇಹದಿಂದಲೇ ಕೀಳಬೇಕಾಗುತ್ತದೆ. ಹಾಗಾಗಿ ಸಮುದ್ರದ ನೀರು ಕುಡಿದವನ ಬಾಯಾರಿಕೆ ಹೆಚ್ಚುತ್ತದೆಯೇ ಹೊರತು ತಣಿಯುವುದಿಲ್ಲ.

ಉಪ್ಪುನೀರನ್ನು ಸಿಹಿಯಾಗಿಸುವ ಯಂತ್ರಗಳಿವೆ. ನಿಮ್ಮ ಮನೆಯ ಆರ್‌ಓ ಶುದ್ಧೀಕರಣ ಯಂತ್ರದ ತತ್ತ್ವವೇ ಅಲ್ಲಿಯೂ. ಆದರೆ ಸಮುದ್ರದ ನೀರಿಗೆ ವಾತಾವರಣದ ಒತ್ತಡಕ್ಕಿಂತ ಐವತ್ತು ಪಟ್ಟಿಗೂ ಹೆಚ್ಚು ಒತ್ತಡ ಬೇಕು. ಅದಕ್ಕೆ ವಿದ್ಯುತ್ತು ಬೇಕು, ಯಂತ್ರ ಕೆಡದಿರಬೇಕು. ಆದ್ದರಿಂದ ತೊಟ್ಟಿಯ ಸಿಹಿನೀರಿಗೆ ಪ್ರತಿದಿನ ಲೆಕ್ಕ. ಕುಡಿಯಲು ಮತ್ತು ಅಡುಗೆಗೆ ತಲಾ ಮೂರು ನಾಲ್ಕು ಲೀಟರ್ ಎಂಬುದು ಹಾಯಿದೋಣಿಯವರ ಸಾಮಾನ್ಯ ಅಳತೆ. ಪಾತ್ರೆ ತೊಳೆಯಲು ಸಮುದ್ರದ ನೀರು, ಸ್ನಾನಕ್ಕೂ ಅದೇ, ಕೊನೆಯಲ್ಲೊಂದು ಚೊಂಬು ಸಿಹಿನೀರು. ಅಭಿಲಾಷ್ ಟಾಮಿಯವರ ಯಾನದ ಕೊನೆಯ ಭಾಗದಲ್ಲಿ ಸಂಗ್ರಹದ ನೀರಿನ ಬಹುಪಾಲು ಕೆಟ್ಟುಹೋಯಿತು. ಉಳಿದ ಅಲ್ಪ ನೀರು ಮತ್ತು ಹಿಡಿದಿಟ್ಟ ಮಳೆನೀರು ಅವರನ್ನು ಊರು ಮುಟ್ಟಿಸಿದವು. ಅಲ್ಲಿ ಮಳೆ ಬಂದರೆ ಯಾರೂ ಒಳಗೆ ಓಡುವುದಿಲ್ಲ. ಬಕೆಟ್ ಹಿಡಿದು ಹೊರಗೆ ಬರುತ್ತಾರೆ.

ಅಡುಗೆಯದೂ ಒಂದು ಭೌತಶಾಸ್ತ್ರದ ಪಾಠವೇ. ಒಲೆಯನ್ನು ಗೋಡೆಗೆ ಬಿಗಿದಿರುವುದಿಲ್ಲ, ಎರಡು ಕಡೆ ಕೀಲುಗಳ ಮೇಲೆ ತೂಗುಬಿಟ್ಟಿರುತ್ತಾರೆ. ದೋಣಿ ವಾಲಿದರೂ ಗುರುತ್ವಾಕರ್ಷಣೆಯಿಂದ ಒಲೆ ಮಟ್ಟವಾಗಿಯೇ ನಿಲ್ಲುತ್ತದೆ. ಮುಚ್ಚಳ ಬಿಗಿಯಾಗಿ ಕೂರುವ ಪ್ರೆಶರ್ ಕುಕ್ಕರ್ ಅಲ್ಲಿ ಬಲು ಉಪಯುಕ್ತ. ಉರುಳಿದರೂ ಬೇಳೆ ಚೆಲ್ಲದು. ಇನ್ನು ಸಮುದ್ರದ ನೀರಿನಲ್ಲಿ ನೆಂದ ಬಟ್ಟೆ ಪೂರ್ತಿ ಒಣಗುವುದೇ ಇಲ್ಲ. ಏಕೆಂದರೆ ಅದರಲ್ಲಿ ಉಳಿದ ಲವಣಗಳು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತವೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ನೀವು ಕಂಡಿದ್ದೀರಲ್ಲ?

ಗಡಿಯಾರವೂ ಅಲ್ಲಿ ನಮ್ಮಂತೆ ನಡೆಯದು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ದಕ್ಷಿಣದ 50ನೆಯ ಅಕ್ಷಾಂಶದಲ್ಲಿ ದೋಣಿ ದಿನಕ್ಕೆ 150 ನಾಟಿಕಲ್ ಮೈಲು ಪೂರ್ವಕ್ಕೆ ಹೋದರೆ ಸುಮಾರು ನಾಲ್ಕು ಡಿಗ್ರಿ ರೇಖಾಂಶ ದಾಟಿದಂತೆ. ಸೂರ್ಯ ಪ್ರತಿದಿನ ಕಾಲು ಗಂಟೆ ಮುಂಚೆ ಬರುತ್ತಾನೆ. ಲೆಕ್ಕವನ್ನು ನೀವೇ ಮಾಡಿ ನೋಡಿ. ನ್ಯೂಜಿಲೆಂಡಿನಿಂದ ಪೂರ್ವಕ್ಕೆ ಹೊರಟು ಅಂತರರಾಷ್ಟ್ರೀಯ ದಿನರೇಖೆಯನ್ನು ದಾಟಿದಾಗ ಒಂದೇ ತಾರೀಖನ್ನು ಎರಡು ಬಾರಿ ಬದುಕಬೇಕಾಗುತ್ತದೆ! 2017ರ ದೀಪಾವಳಿ ತಾರಿಣಿಯ ಆರು ಮಂದಿಗೆ ಹಿಂದೂ ಮಹಾಸಾಗರದಲ್ಲಿ ಬಂತು. 2018ರ ಸಂಕ್ರಾಂತಿಯಂದು ಇಲ್ಲಿ ನಾವು ಎಳ್ಳು ಬೀರುತ್ತಿದ್ದಾಗ, ಅವರು ದಕ್ಷಿಣ ಪೆಸಿಫಿಕ್‌ನ ಚಳಿಯಲ್ಲಿ ಕೇಪ್ ಹಾರ್ನ್ ಕಡೆಗೆ ಸಾಗುತ್ತಿದ್ದರು. ನ್ಯೂಜಿಲೆಂಡ್ ಬಿಟ್ಟು ಫಾಕ್‌ಲೆಂಡ್ ದ್ವೀಪ ಮುಟ್ಟುವವರೆಗೆ ಸುಮಾರು ನಲವತ್ತು ದಿನ ಅವರಿಗೆ ತಂಗಲು ಬಂದರಿಲ್ಲ.

ಆ ಹಾದಿಯಲ್ಲೇ 'ನೆಮೊ ಬಿಂದು' ಎಂಬ ಜಾಗವಿದೆ. ಯಾವ ದಿಕ್ಕಿಗೆ ಹೋದರೂ ಹತ್ತಿರದ ನೆಲ 2,600 ಕಿಲೋಮೀಟರಿಗೂ ದೂರ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಬಾಹ್ಯಾಕಾಶ ನಿಲ್ದಾಣ ನೆತ್ತಿಯ ಮೇಲೆ ಹಾದಾಗ, ಹತ್ತಿರದ ನೆರೆಯವರು ಅದರೊಳಗಿನ ಗಗನಯಾತ್ರಿಗಳೇ. ದಿಲ್ನಾ ಮತ್ತು ರೂಪಾ 2025ರ ಜನವರಿ ಕೊನೆಯಲ್ಲಿ ಈ ಬಿಂದುವಿನ ಬಳಿ ಹಾದುಹೋದರು; ವಿಜ್ಞಾನಿಗಳಿಗಾಗಿ ಅಲ್ಲಿನ ನೀರಿನ ಮಾದರಿಯನ್ನೂ ತಂದರು.

ಇಂಥಲ್ಲಿ ಏನಾದರೂ ಮುರಿದರೆ ಕರೆಯಲು ಮೆಕ್ಯಾನಿಕ್ ಇಲ್ಲ. ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ನಾವಿಕರು ದಿನವೂ ದೋಣಿಯನ್ನು ಸುತ್ತಿ ಒಂದೊಂದು ಹಗ್ಗವನ್ನೂ ಮುಟ್ಟಿ ನೋಡುತ್ತಾರೆ. ಹಗ್ಗ ಒಂದೇ ಕಡೆ ಉಜ್ಜುತ್ತಿದ್ದರೆ ನವೆಯುತ್ತದೆ. ಗೇಣುದ್ದ ಸರಿಸಿ ಬಿಗಿದರೆ ಉಳಿಯುತ್ತದೆ. ವಾಯುಭಾರಮಾಪಕದ ಅಂಕಿಯನ್ನು ಗೊತ್ತಾದ ವೇಳೆಗೆ ಬರೆದಿಡುತ್ತಾರೆ. ಒಂದು ಅಂಕಿ ಏನನ್ನೂ ಹೇಳುವುದಿಲ್ಲ; ಸಾಲಾಗಿ ಬರೆದ ಅಂಕಿಗಳು ಸರಸರನೆ ಇಳಿಯುತ್ತಿದ್ದರೆ ಬಿರುಗಾಳಿ ಬರುತ್ತಿದೆ ಎಂದರ್ಥ. ನಿದ್ದೆಗಣ್ಣಿನಲ್ಲಿ ಯಾರಾದರೂ ಒಂದೆರಡು ಸಾಲು ಬಿಟ್ಟರೆ ಆ ಎಚ್ಚರಿಕೆಯೇ ತಪ್ಪಿಹೋಗುತ್ತದೆ.

ತಾರಿಣಿಗೆ ಪೆಸಿಫಿಕ್‌ನಲ್ಲಿ ಎದುರಾದ ಬಿರುಗಾಳಿಯ ವೇಗ 60 ನಾಟ್ ಮೀರಿತ್ತು, ಅಂದರೆ ಗಂಟೆಗೆ 110 ಕಿಲೋಮೀಟರ್. ಆ ಹೊತ್ತಿನಲ್ಲಿ ಹೊಸದಾಗಿ ಮಾಡಬಹುದಾದದ್ದು ಬಹಳ ಕಡಿಮೆ. ಹಿಂದಿನ ವಾರ ನೋಡಿಟ್ಟ ಹಗ್ಗವೇ ಆಗ ಹಾಯಿಯನ್ನು ಹಿಡಿದಿಡಬೇಕು. ಹೀಗಿದ್ದರೂ ಎಲ್ಲವೂ ಕೈಯಲ್ಲಿರುವುದಿಲ್ಲ. ಕೇಪ್‌ಟೌನ್ ಬಿಟ್ಟ ಮೇಲೆ ತಾರಿಣಿಯ ಚುಕ್ಕಾಣಿ ವ್ಯವಸ್ಥೆ ಕೆಟ್ಟು, ಅವರು ಮಾರಿಷಸ್‌ನ ಪೋರ್ಟ್ ಲೂಯಿಗೆ ತಿರುಗಬೇಕಾಯಿತು. ಅಲ್ಲಿ ರಿಪೇರಿ ಮಾಡಿಸಿಕೊಂಡು 2018ರ ಮೇ 21ರಂದು ಗೋವೆ ಸೇರಿದರು.

ಧೈರ್ಯ ಬೇಡವೇ ಎಂದು ನೀವು ಕೇಳಬಹುದು. ಖಂಡಿತ ಬೇಕು. ಆದರೆ ನೂರನೆಯ ದಿನ, ರಾತ್ರಿ ಮೂರು ಗಂಟೆಗೆ, ಯಾರೂ ನೋಡದಿರುವಾಗ, ಒದ್ದೆ ಬಟ್ಟೆಯಲ್ಲೇ ಎದ್ದು ಆ ಅಂಕಿಯನ್ನು ಸರಿಯಾಗಿ ಬರೆಯುವುದಿದೆಯಲ್ಲ, ಅದೂ ಧೈರ್ಯವೇ. ಅದನ್ನು ಕ್ಯಾಮರಾದಲ್ಲಿ ಹಿಡಿಯುವುದು ಮಾತ್ರ ಕಷ್ಟ.

ಸಮುದ್ರ ನೋಡದೆಯೂ ನೀವು ಇದರ ಒಂದು ಪ್ರಯೋಗ ಮಾಡಬಹುದು. 2024ರ ಬೇಸಿಗೆಯಲ್ಲಿ ನಮ್ಮ ಬೆಂಗಳೂರು ನೀರಿಗಾಗಿ ಪರದಾಡಿದ್ದು ನೆನಪಿರಬೇಕು. ಒಂದು ಭಾನುವಾರ ನಿಮ್ಮ ಪಾಲಿಗೆಂದು ನಾಲ್ಕು ಲೀಟರ್ ನೀರನ್ನು ಅಳೆದು ಒಂದು ಕೊಡಕ್ಕೆ ಹಾಕಿಕೊಳ್ಳಿ. ಕುಡಿಯುವುದಕ್ಕೆ, ಕಾಫಿಗೆ, ನಿಮ್ಮ ಪಾಲಿನ ಅನ್ನ ಸಾರಿಗೆ ಅದರಿಂದಲೇ ತೆಗೆಯಿರಿ. ತೆಗೆದಾಗಲೆಲ್ಲ ವೇಳೆಯನ್ನೂ ಅಳತೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ರಾತ್ರಿ ಮಲಗುವ ಮುಂಚೆ ಕೊಡದಲ್ಲಿ ಉಳಿದದ್ದನ್ನು ಅಳೆದು, ನಿಮ್ಮ ಬರಹದೊಂದಿಗೆ ತಾಳೆ ನೋಡಿ. ಎರಡೂ ಹೊಂದಿದರೆ ನಿಮ್ಮನ್ನು ಪಾಳಿಗೆ ಸೇರಿಸಿಕೊಳ್ಳಬಹುದು.