ಜಾತ್ರೆಯ ತಿಂಗಳು, ಉಣುಗಿನ ತಿಂಗಳು

ತೀರ್ಥಹಳ್ಳಿಯ ರಾಮೇಶ್ವರನಿಗೆ ಎಳ್ಳಮಾವಾಸ್ಯೆಯಲ್ಲಿ ಜಾತ್ರೆ. ಸಾಗರದ ಮಾರಿಕಾಂಬೆಗೆ ಮೂರು ವರ್ಷಕ್ಕೊಮ್ಮೆ, ಫೆಬ್ರವರಿಯ ಹೊತ್ತಿಗೆ. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಪದ್ಮಾವತಿಯ ರಥೋತ್ಸವ ಬೇಸಿಗೆಯ ಬಾಗಿಲಲ್ಲಿ. ಕಾಡಿನ ಉಣುಗಿನ ಮರಿಗಳು ಮೈಗೆ ಹತ್ತುವುದೂ ಡಿಸೆಂಬರ್‌ನಿಂದ ಮೇವರೆಗೆ. ಜನ ಸೇರುವ ಕಾಲವೂ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಕಾಲವೂ ಒಂದೇ ಆಗಿರುವ ಈ ಮೂರು ತಾಲ್ಲೂಕುಗಳಲ್ಲಿ ಮಠ, ದೇವಸ್ಥಾನ, ಮಸೀದಿ, ಚರ್ಚುಗಳು ಏನು ಮಾಡಬಹುದು ಎಂಬುದೇ ಈ ವಿಚಾರ ಸಂಕಿರಣದ ಆಶಯ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಆಸುಪಾಸಿನ ಜನ ಜ್ವರ ಹಿಡಿದು ಮಲಗಿದರು. ಹಳದಿ ಜ್ವರವಿರಬಹುದೆಂಬ ಆತಂಕದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಹುಡುಕಿದಾಗ ಸಿಕ್ಕಿದ್ದು ಹೊಸದೇ ಆದ ವೈರಸ್. ಆರು ದಶಕಗಳ ನಂತರ, 2018ರ ಕೊನೆಗೆ, ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಇದೇ ಕಾಯಿಲೆಯಿಂದ ಸಾವುಗಳು ಶುರುವಾದವು. ಸೋಂಕು ತಗುಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ.

ಇದ್ದ ಲಸಿಕೆಯೂ ಈಗಿಲ್ಲ. ಚುಚ್ಚಿದರೆ ತೋಳು ಸಿಡಿಯುತ್ತದೆಂದು ಜನ ಹಿಂಜರಿಯುತ್ತಿದ್ದ ಆ ಲಸಿಕೆ ಎರಡು ಡೋಸ್‌ಗೆ ಶೇ. 62ರಷ್ಟು ಮಾತ್ರ ರಕ್ಷಣೆ ಕೊಡುತ್ತದೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತ್ತು. 2022ರಲ್ಲಿ ಅದರ ಬಳಕೆಯೇ ನಿಂತಿತು. ಇನ್ನು ಉಳಿದದ್ದು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೀಪಾ ಎಣ್ಣೆ, ಮೈಮುಚ್ಚುವ ಬಟ್ಟೆ, ಕಾಡಿನಿಂದ ಬಂದೊಡನೆ ಬಿಸಿನೀರ ಸ್ನಾನ. ಇವೆಲ್ಲ ರೂಢಿಯ ವಿಷಯ.

ರೂಢಿ ಬದಲಿಸಲು ನಂಬಿಕೆಯ ಸಂಸ್ಥೆಗಳ ನೆರವು ಪಡೆದ ಉದಾಹರಣೆ ಆಫ್ರಿಕಾದಲ್ಲಿದೆ. ಮೊಜಾಂಬಿಕ್‌ನಲ್ಲಿ ಮಲೇರಿಯಾ ವಿರುದ್ಧ ಕ್ರೈಸ್ತ, ಮುಸ್ಲಿಂ ಮುಖಂಡರು ಪಿರ್ಕಾಮ್ ಎಂಬ ಒಕ್ಕೂಟ ಕಟ್ಟಿದರು. ನೈಜೀರಿಯಾದಲ್ಲಿ ಇಮಾಮರೂ ಪಾದ್ರಿಗಳೂ ತರಬೇತಿ ಪಡೆದು, ಸೊಳ್ಳೆಪರದೆಯೊಳಗೆ ಮಲಗಿ ಎಂದು ಪ್ರಾರ್ಥನೆಯ ಸಭೆಗಳಲ್ಲೇ ಹೇಳಿದರು. ಜಾಂಬಿಯಾ, ಅಂಗೋಲಾ ಗಡಿಯ ಹಳ್ಳಿಗಳಲ್ಲಿ ಆಂಗ್ಲಿಕನ್ ಚರ್ಚಿನ ಸ್ವಯಂಸೇವಕರು ಮನೆಮನೆಗೆ ಹೋದರು.

ಆದರೆ ಆ ಮಾದರಿ ಇಲ್ಲಿಗೆ ಹಾಗೇ ಹೊಂದುವುದಿಲ್ಲ. ಮಲೇರಿಯಾದ ಸೊಳ್ಳೆ ರಾತ್ರಿ ಮನೆಯೊಳಗೆ ಕಚ್ಚುತ್ತದೆ, ಪರದೆ ಕಟ್ಟಿದರೆ ತಡೆಯಬಹುದು. ಮಲೆನಾಡಿನ ಹಳೆಯ ಚಳಿಜ್ವರವನ್ನು ಸರ್ಕಾರ ಹಿಮ್ಮೆಟ್ಟಿಸಿದ್ದೂ ಗೋಡೆಗೆ ಡಿಡಿಟಿ ಹೊಡೆದೇ. ಉಣುಗು ಹಗಲಲ್ಲಿ, ಕೊಟ್ಟಿಗೆಗೆ ದರಗು ಗುಡಿಸುವಲ್ಲಿ, ಸೊಪ್ಪಿನ ಬೆಟ್ಟದಲ್ಲಿ ಹತ್ತುತ್ತದೆ. ಕಾಡಿಗೆಲ್ಲ ಮದ್ದು ಹೊಡೆಯಲಾಗದು.

ಅದಕ್ಕಿಂತ ಸೂಕ್ಷ್ಮವಾದದ್ದು ಮಂಗನ ಸಾವು. ಸತ್ತ ಕೋತಿಯನ್ನು ಹನುಮನೆಂದು ಅರಿಶಿನ ಕುಂಕುಮ ಹಚ್ಚಿ ಮಣ್ಣು ಮಾಡುವ ಭಕ್ತಿ ನಮ್ಮ ಹಳ್ಳಿಗಳಲ್ಲಿದೆ. ಜೀವ ಹೋದ ಮೈಯಿಂದ ಉಣುಗುಗಳು ಇಳಿದು ಸುತ್ತ ಹರಡುವುದು ಅದೇ ಹೊತ್ತಿನಲ್ಲಿ. ಮುಟ್ಟಬೇಡಿ, ಮೊದಲು ಆಸ್ಪತ್ರೆಗೆ ತಿಳಿಸಿ ಎಂದು ಇಲಾಖೆಯ ಕರಪತ್ರ ಹೇಳುವುದಕ್ಕೂ ಪೂಜೆ ಮಾಡುವ ಭಟ್ಟರೇ ಹೇಳುವುದಕ್ಕೂ ವ್ಯತ್ಯಾಸವಿದೆ. ಹಾಗೆ ತಿಳಿದರೆ ಆ ಜಾಗಕ್ಕೆ ಕೀಟನಾಶಕ ಹೊಡೆದು, ಜನರನ್ನು ದೂರವಿರಿಸಬಹುದು.

ಗೋಷ್ಠಿಗಳು ಎದುರಿಸಬೇಕಾದ ಕಷ್ಟದ ಪ್ರಶ್ನೆಯೂ ಒಂದಿದೆ. ದರಗು ತರುವ ಹೆಂಗಸರು, ಅಡಿಕೆ ಕೊಯ್ಲಿಗೆ ಹೊರಗಿನಿಂದ ಬರುವ ಕೂಲಿಯವರು ಮಠದ ಸಭೆಗಳಲ್ಲಿ ಕಾಣಿಸುವುದು ಕಡಿಮೆ. ಅಪಾಯ ಹೆಚ್ಚಿರುವುದು ಅವರಿಗೇ. ದೇವಸ್ಥಾನದ ಧ್ವನಿವರ್ಧಕ ಅವರವರೆಗೆ ತಲುಪದಿದ್ದರೆ ಆಶಾ ಕಾರ್ಯಕರ್ತೆಯರೇ ಗತಿ. ಆದ್ದರಿಂದ ಎಣ್ಣೆ ಹಂಚುವವರು ಯಾರು, ಜ್ವರ ಬಂದವರ ರಕ್ತದ ಮಾದರಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಬೇಗ ತಲುಪಿಸುವವರು ಯಾರು, ಖರ್ಚು ಯಾರದು ಎಂಬುದನ್ನು ತಾಲ್ಲೂಕುವಾರು ಬರೆದಿಟ್ಟು, ತಾಲ್ಲೂಕು ಆರೋಗ್ಯಾಧಿಕಾರಿಯ ಹೊಣೆಗೆ ಒಪ್ಪಿಸುವುದು ಈ ಸಂಕಿರಣದ ಕೊನೆಯ ಗೋಷ್ಠಿಯ ಕೆಲಸ.