ಮಕ್ಕಳ ಬಾಯಿ ಮುಚ್ಚಿಸಬೇಡಿ, ಉತ್ತರ ಕೊಡಿ

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಗಳಲ್ಲಿ ಮದ್ರಸಾ ಮಕ್ಕಳ ಹೆತ್ತವರ ಮುಂದೆ ಮಾಡಿದ ಭಾಷಣದ ಬರಹರೂಪ)



ಸೆರೆಬ್ರಲ್ ಪಾಲ್ಸಿ ಇರುವ ಬಾಲಕನನ್ನು ಮೊದಲ ಬಾರಿಗೆ ಕಂಡ ಪುಟ್ಟ ಮಗು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಉಮ್ಮಾ, ಅವನು ಯಾಕೆ ಹಾಗೆ ನಡೆಯುತ್ತಾನೆ?’ ಆಗ ನಾವು ಮಾಡುವುದೇನು? ‘ಸುಮ್ಮನಿರು, ಹಾಗೆಲ್ಲ ಕೇಳಬಾರದು’ ಎಂದು ಗದರಿಸಿ ಮಗುವನ್ನು ಆಚೆಗೆ ಎಳೆದೊಯ್ಯುತ್ತೇವೆ. ಇದನ್ನು ಸಭ್ಯತೆಯೆಂದು ಭಾವಿಸಿದ್ದೇವೆ. ಆದರೆ ಮಗು ಅದರಿಂದ ಕಲಿಯುವ ಪಾಠವೇ ಬೇರೆ. ಅವನ ಬಗ್ಗೆ ಮಾತಾಡುವುದು ತಪ್ಪು, ಅವನ ಹತ್ತಿರ ಹೋಗುವುದು ಅಪಾಯ ಎಂದು ಅದು ತಿಳಿದುಕೊಳ್ಳುತ್ತದೆ. ಇಂದಿನ ಕುತೂಹಲವು ನಾಳೆ ಭಯವಾಗಿ, ಅನಂತರ ಪರಿಹಾಸ್ಯವಾಗಿ ಬೆಳೆಯುತ್ತದೆ.

ಉತ್ತರ ಕೊಡಬೇಕಾದರೆ ಮೊದಲು ನಮಗೆ ವಿಷಯ ತಿಳಿದಿರಬೇಕು. ಸೆರೆಬ್ರಲ್ ಪಾಲ್ಸಿಯನ್ನು ಕನ್ನಡದಲ್ಲಿ ಮೆದುಳಿನ ಪಾರ್ಶ್ವವಾಯು ಎನ್ನುತ್ತಾರೆ. ಹೆರಿಗೆಗೆ ಮುನ್ನ, ಹೆರಿಗೆಯ ವೇಳೆ ಅಥವಾ ಎಳೆಯ ವಯಸ್ಸಿನಲ್ಲಿ ಮೆದುಳಿಗಾದ ಹಾನಿಯಿಂದ ಇದು ಉಂಟಾಗುತ್ತದೆ. ಅವಧಿಗೆ ಮುನ್ನ ಜನನ, ಉಸಿರುಗಟ್ಟುವಿಕೆ, ಚಿಕಿತ್ಸೆ ದೊರೆಯದ ತೀವ್ರ ಕಾಮಾಲೆ, ಮೆದುಳಿನ ಸೋಂಕು ಇದರ ಕಾರಣಗಳಲ್ಲಿ ಸೇರಿವೆ. ಆ ಹಾನಿಯು ಕಾಲ ಕಳೆದಂತೆ ಹೆಚ್ಚುವುದಿಲ್ಲ, ಪೂರ್ತಿ ಗುಣವಾಗುವುದೂ ಇಲ್ಲ. ಆದರೆ ಬೇಗನೆ ಆರಂಭಿಸಿದ ಫಿಸಿಯೋಥೆರಪಿಯಿಂದ, ಅಭ್ಯಾಸದಿಂದ ಮಗು ಬಹಳಷ್ಟನ್ನು ಕಲಿಯಬಲ್ಲದು.

ಇದನ್ನು ಐದು ವರ್ಷದ ಮಗುವಿಗೆ ಹೇಳುವುದು ಹೇಗೆ? ಚಾರ್ಮಾಡಿ ಘಾಟಿಯಲ್ಲಿ ಹೋಗುವಾಗ ಗಲ್ಫಿನಿಂದ ಉಪ್ಪನ ಫೋನ್ ಬಂದರೆ ಮಾತು ತುಂಡು ತುಂಡಾಗಿ ಕೇಳುತ್ತದಲ್ಲವೇ? ಉಪ್ಪ ಸರಿಯಾಗಿಯೇ ಮಾತಾಡುತ್ತಿರುತ್ತಾರೆ, ನಮ್ಮ ಕಿವಿಯೂ ಸರಿಯಾಗಿಯೇ ಇರುತ್ತದೆ. ಸಿಗ್ನಲ್ ಮಾತ್ರ ತಲಪುವುದಿಲ್ಲ. ಹಾಗೆಯೇ ‘ನಡೆ’, ‘ಹಿಡಿ’ ಎಂಬ ಮೆದುಳಿನ ಆಜ್ಞೆಯು ಅವನ ಕೈಕಾಲುಗಳಿಗೆ ಸರಿಯಾಗಿ ತಲಪುವುದಿಲ್ಲ ಎನ್ನಿ. ಮಗುವಿಗೆ ಇಷ್ಟು ಸಾಕು.

ಆ ಬಳಿಕ ಇನ್ನಷ್ಟು ಪ್ರಶ್ನೆಗಳು ಬರುತ್ತವೆ. ‘ನನಗೂ ಅಂಟುತ್ತದೆಯೇ?’ ಇಲ್ಲ. ಜೊತೆಗೆ ಉಂಡರೂ ಆಡಿದರೂ ಅಂಟುವುದಿಲ್ಲ. ‘ಅವನಿಗೆ ನನ್ನ ಮಾತು ಅರ್ಥವಾಗುತ್ತದೆಯೇ?’ ಕೆಲವರಿಗೆ ಕಲಿಕೆಯಲ್ಲಿಯೂ ಕಷ್ಟವಿರುತ್ತದೆ. ಆದರೆ ಮಾತು ತೊದಲಿದ ಮಾತ್ರಕ್ಕೆ ಬುದ್ಧಿ ಕುಂಠಿತವೆಂದು ತೀರ್ಮಾನಿಸಬಾರದು. ಮುಂಬೈಯ ಮಾಲಿನಿ ಚಿಬ್‌ರಿಗೆ ಸೆರೆಬ್ರಲ್ ಪಾಲ್ಸಿ ಇದೆ. ಅವರು ಉನ್ನತ ಶಿಕ್ಷಣ ಪಡೆದು, ಒಂದೇ ಬೆರಳಿನಿಂದ ಟೈಪ್ ಮಾಡಿ ತಮ್ಮ ಜೀವನ ಕಥೆಯನ್ನೇ ಬರೆದಿದ್ದಾರೆ. ಆದ್ದರಿಂದ ಅಂಥ ಮಗುವಿನೊಂದಿಗೆ ನೇರವಾಗಿ ಮಾತಾಡಲು, ಉತ್ತರ ಬರುವ ತನಕ ಕಾಯಲು ನಮ್ಮ ಮಕ್ಕಳಿಗೆ ಕಲಿಸೋಣ. ಕೇಳದೆ ಕೈಹಿಡಿದು ಎಳೆಯುವುದು, ವೀಲ್‌ಚೇರ್ ತಳ್ಳುವುದು ಸಹಾಯವಲ್ಲ.

ಎಲ್ಲಕ್ಕಿಂತ ಕಠಿಣ ಪ್ರಶ್ನೆ: ‘ಅಲ್ಲಾಹನು ಅವನಿಗೆ ಶಿಕ್ಷೆ ಕೊಟ್ಟನೇ?’ ಈ ಪ್ರಶ್ನೆ ಮಗುವಿನದ್ದಲ್ಲ, ದೊಡ್ಡವರ ಬಾಯಿಂದ ಕೇಳಿಸಿಕೊಂಡದ್ದು. ತಾಯಿಯ ಪಾಪ, ಯಾರದೋ ದೃಷ್ಟಿ, ಗ್ರಹಣದ ದೋಷ ಎಂದೆಲ್ಲ ನಾವು ಪಿಸುಗುಟ್ಟುತ್ತೇವೆ. ಒಬ್ಬರ ಪಾಪದ ಭಾರವನ್ನು ಇನ್ನೊಬ್ಬರ ಮೇಲೆ ಹೊರಿಸಲಾಗದು ಎಂಬುದು ಕುರ್‌ಆನಿನ ಸ್ಪಷ್ಟ ಬೋಧನೆ. ಹೀಗಿರುವಾಗ ಮಡಿಲಲ್ಲಿ ಬೀಡಿಯ ತಡ್ಪೆ, ಪಕ್ಕದಲ್ಲಿ ಮಲಗಿದ ಮಗು, ಇವೆರಡರ ನಡುವೆ ದಿನ ದೂಡುವ ತಾಯಿಯನ್ನು ಅಪರಾಧಿ ಸ್ಥಾನದಲ್ಲಿ ನಿಲ್ಲಿಸಲು ನಾವು ಯಾರು?

ನಮ್ಮ ಇತಿಹಾಸವನ್ನೇ ನೋಡಿ. ಇಬ್ನು ಮಸ್‌ಊದ್(ರ)ರ ಸಣಕಲು ಕಾಲುಗಳನ್ನು ಕಂಡು ಕೆಲವರು ನಕ್ಕಾಗ, ಅಲ್ಲಾಹನ ತಕ್ಕಡಿಯಲ್ಲಿ ಆ ಕಾಲುಗಳು ಉಹುದ್ ಪರ್ವತಕ್ಕಿಂತಲೂ ಭಾರವೆಂದು ಪ್ರವಾದಿ(ಸ)ಯವರು ತಿಳಿಸಿದರು. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಘಟನೆ ಬೇಕೇ? ಅಂಧರಾಗಿದ್ದ ಇಬ್ನು ಉಮ್ಮಿ ಮಕ್ತೂಮ್(ರ)ರಿಗೆ ದೊರೆತದ್ದು ಅನುಕಂಪವಲ್ಲ, ಹೊಣೆಗಾರಿಕೆ. ಅವರು ಅದಾನ್ ಕೊಡುತ್ತಿದ್ದರು. ಪ್ರವಾದಿ(ಸ)ಯವರು ಊರಲ್ಲಿಲ್ಲದಾಗ ಮದೀನಾದ ಉಸ್ತುವಾರಿಯನ್ನೂ ವಹಿಸಿದ್ದರು.

ಬೆಳ್ತಂಗಡಿ ತಾಲೂಕಿನವರಿಗಂತೂ ಇದು ದೂರದ ವಿಷಯವಲ್ಲ. ಕೊಕ್ಕಡ ಪರಿಸರದ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗಿತ್ತು. 2011ರಲ್ಲಿ ಸುಪ್ರೀಮ್ ಕೋರ್ಟ್ ಆ ಕೀಟನಾಶಕವನ್ನು ನಿಷೇಧಿಸಿತು. ನಡೆಯಲಾಗದ, ಮಾತಾಡಲಾಗದ ಮಕ್ಕಳನ್ನು ಅಲ್ಲಿನ ಕುಟುಂಬಗಳು ಬಚ್ಚಿಡಲಿಲ್ಲ. ಬೀದಿಗಿಳಿದು ಹೋರಾಡಿದವು. ಮಾಸಾಶನ ಬಂದದ್ದು, ಕೊಕ್ಕಡದಲ್ಲಿ ಪಾಲನಾ ಕೇಂದ್ರ ತೆರೆದದ್ದು ಆ ಹೋರಾಟದಿಂದ. ನಮ್ಮಲ್ಲಾದರೋ, ಅಕ್ಕತಂಗಿಯರ ಮದುವೆ ಸಂಬಂಧ ತಪ್ಪೀತು ಎಂಬ ಭಯದಿಂದ ಅತಿಥಿಗಳು ಬಂದಾಗ ಮಗುವನ್ನು ಒಳಕೋಣೆಗೆ ಸಾಗಿಸುವ ಮನೆಗಳು ಇಂದಿಗೂ ಇವೆ. ಬಚ್ಚಿಟ್ಟ ಮಗುವಿಗೆ ಹಕ್ಕುಗಳೂ ದೊರೆಯುವುದಿಲ್ಲ.

ಹಕ್ಕುಗಳು ಇಲ್ಲದೆ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಶೇ. 40ಕ್ಕೆ ಕಡಿಮೆಯಲ್ಲದ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಅಥವಾ ಇಷ್ಟವಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಸೆರೆಬ್ರಲ್ ಪಾಲ್ಸಿಯನ್ನು ಹೆಸರಿಸಿಯೇ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ರಚನೆಯಾಯಿತು. ಅದರಡಿಯ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ. ಇದನ್ನೆಲ್ಲ ಪಡೆಯಲು ಮೊದಲು ವೈದ್ಯಕೀಯ ಪ್ರಮಾಣಪತ್ರ, ಗುರುತಿನ ಚೀಟಿ ಮಾಡಿಸಬೇಕು. ನಮ್ಮ ಜಮಾಅತ್‌ಗಳ ವಿದ್ಯಾವಂತ ಯುವಕರು ಆ ಅರ್ಜಿ ತುಂಬಿಸುವ ಹೊಣೆ ಹೊರಲಾರರೇ?

ಸರಕಾರವನ್ನು ಕೇಳುವ ನಾವು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಅಮೃತಶಿಲೆ ಹಾಸಿದ ಮಸೀದಿಗೆ ಒಂದು ಇಳಿಜಾರು ದಾರಿ ನಿರ್ಮಿಸಲು ಎಷ್ಟು ಖರ್ಚಾದೀತು? ಮದ್ರಸಾದ ಮಹಡಿಯ ತರಗತಿಯನ್ನು ಒಂದು ಮಗುವಿಗಾಗಿ ಕೆಳಕ್ಕೆ ತರಬಾರದೇ? ಕೈಯಾನಿಕೆಯಿರುವ ಕುರ್ಚಿ, ತಾಳ್ಮೆಯುಳ್ಳ ಉಸ್ತಾದ್, ಪಕ್ಕದಲ್ಲಿ ಕೂರುವ ಗೆಳೆಯ, ಇಷ್ಟರಿಂದಲೇ ಆರಂಭಿಸಬಹುದು. ಅವನು ಒಂದು ಸಣ್ಣ ಸೂರಃ ಓದಲು ಬೇರೆಯವರ ಮೂರು ಪಟ್ಟು ಸಮಯ ತೆಗೆದುಕೊಳ್ಳಲಿ. ಕುರ್‌ಆನನ್ನು ತಡವರಿಸುತ್ತ ಕಷ್ಟಪಟ್ಟು ಓದುವವನಿಗೆ ಇಮ್ಮಡಿ ಪ್ರತಿಫಲವಿದೆಯೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಅದನ್ನು ತರಗತಿಯ ಇತರ ಮಕ್ಕಳು ಕಣ್ಣಾರೆ ನೋಡಿ ಅರಿಯಲಿ.

ಮಗುವಿಗೆ ನಾವು ಎಷ್ಟೇ ವಿವರಿಸಿದರೂ ಜೊತೆಗೆ ಕುಳಿತು ಕಲಿತಷ್ಟು ಅದಕ್ಕೆ ತಿಳಿಯದು. ಆದ್ದರಿಂದ ನಿಮ್ಮ ಮೊಹಲ್ಲಾದಲ್ಲಿ ಅಂಥ ಮಗುವಿರುವ ಮನೆಗೆ ಇದೇ ವಾರ ನಿಮ್ಮ ಮಕ್ಕಳನ್ನು ಕರೆದೊಯ್ಯಿರಿ. ರೋಗಿಯನ್ನು ಸಂದರ್ಶಿಸಲು ಹೋದಂತೆ ಹೋಗಬೇಡಿ, ಆಟವಾಡಲು ಹೋಗಿರಿ. ಅದಕ್ಕೆ ಅಲ್ಲಾಹನು ನಮಗೆಲ್ಲರಿಗೂ ತೌಫೀಕ್ ನೀಡಲಿ.