ಓಡುವ ಅಲೆಯನ್ನು ನಿಲ್ಲಿಸಿ ನೋಡುವ ಬಗೆ

(ಸಿಯಾಲ್ದಾದ ಸಮೀಪ ನಡೆದ ಸಂಘದ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತನಾದ ನನಗೂ ಆಸಿಲೋಸ್ಕೋಪಿಗೂ ಏನು ನಂಟೆಂದು ತಮ್ಮಲ್ಲಿ ಕೆಲವರು ಬಾಗಿಲಲ್ಲೇ ಕೇಳಿದಿರಿ. ನಾನು ಓದಿದ್ದು ಬಿ.ಕಾಂ., ದಿನವೂ ನೋಡುವುದು ಜಮಾ ಖರ್ಚು. ಆದರೆ ಲೆಕ್ಕಪತ್ರದವರು ವಿಜ್ಞಾನದ ಗೊಡವೆಗೆ ಹೋಗಬಾರದೆಂಬ ಕಟ್ಟಳೆ ಈ ಊರಿನಲ್ಲಿ ಎಂದೂ ಇದ್ದಂತಿಲ್ಲ. ಇಲ್ಲಿಂದ ಬೌಬಜಾರಿನ ಕಡೆಗೆ ಸ್ವಲ್ಪ ನಡೆದರೆ 210ನೆಯ ನಂಬರು ಸಿಕ್ಕುತ್ತದೆ. 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಬಂದ ಸಿ. ವಿ. ರಾಮನ್ನರು ಕಚೇರಿಯ ಹೊತ್ತಿನ ಹಿಂದುಮುಂದೆ ಪ್ರಯೋಗ ಮಾಡುತ್ತಿದ್ದುದು ಅಲ್ಲಿಯೇ. 1928ರ ಫೆಬ್ರವರಿ 28ರಂದು ಅವರ ಹೆಸರಿನ ಪರಿಣಾಮ ಕಂಡುಬಂದದ್ದೂ ಅಲ್ಲಿಯೇ. 1933ರಲ್ಲಿ ಅವರು ನಮ್ಮ ಬೆಂಗಳೂರಿಗೆ ಹೋದರು. ನಾನು ಬೆಂಗಳೂರಿನ ಕಡೆಯಿಂದ ಇಲ್ಲಿಗೆ ಬಂದವನು. ಹೋಲಿಕೆ ಇಷ್ಟಕ್ಕೇ ನಿಲ್ಲಲಿ.

ನಿಜವಾದ ಕಾರಣ ನಮ್ಮ ಸಂಘದ ಧ್ವನಿವರ್ಧಕ. ಎರಡು ವರ್ಷದಿಂದ ಅದು ಜೇನುಗೂಡಿನಂತೆ ಗುಂಯ್‌ಗುಡುತ್ತಿದ್ದುದನ್ನು ತಾವೆಲ್ಲ ಬಲ್ಲಿರಿ. ಹಿಂದಿನ ಸಾಲಿನಲ್ಲಿ ಕೂರುವ ಹಿರಿಯರಿಗೆ ಕನ್ನಡದ ಮಾತು ನಾಲ್ಕು ಜನರ ನಡುವೆ ಕೇಳಸಿಗುವುದೇ ವರ್ಷಕ್ಕೆ ಮೂರು ನಾಲ್ಕು ಸಲ. ಅವರು ಅಷ್ಟು ದೂರದಿಂದ ಬಸ್ಸು ಬದಲಿಸಿ ಬಂದು, ಗುಂಯ್‌ಕಾರವನ್ನಷ್ಟೇ ಕೇಳಿ, ಊಟಕ್ಕೂ ನಿಲ್ಲದೆ ಎದ್ದು ಹೋಗುತ್ತಿದ್ದರು. ಒಂದು ಅಂಗಡಿಯಲ್ಲಿ ತೋರಿಸಿದಾಗ, ಮುಚ್ಚಳವನ್ನೂ ಬಿಚ್ಚದೆ, "ಇದನ್ನು ಬಿಸಾಕಿ ಹೊಸದು ಕೊಳ್ಳಿ" ಎಂದುಬಿಟ್ಟರು. ಸಂಘದ ಖಜಾನೆಯ ಸ್ಥಿತಿ ತಮಗೆ ಗೊತ್ತು. ಅದರ ಲೆಕ್ಕ ಬರೆಯುವವನು ನಾನೇ. ಆಗ ನಮ್ಮ ಸದಸ್ಯರೊಬ್ಬರ ಮನೆಯ ಹುಡುಗ, ಇಂಜಿನಿಯರಿಂಗ್ ವಿದ್ಯಾರ್ಥಿ, ತನ್ನ ಆಸಿಲೋಸ್ಕೋಪನ್ನು ತಂದ. ಅದರ ಮುಂದೆ ಕೂತ ಆ ಎರಡು ಭಾನುವಾರಗಳಲ್ಲಿ ತಿಳಿದುಕೊಂಡದ್ದನ್ನೂ, ಆಮೇಲೆ ಓದಿ ಕೂಡಿಸಿದ್ದನ್ನೂ ತಮ್ಮ ಮುಂದಿಡುತ್ತೇನೆ.

ಆಸಿಲೋಸ್ಕೋಪಿಗೆ ಆಂದೋಲನದರ್ಶಕವೆಂದು ಕನ್ನಡ ಮಾಡಬಹುದು. ಚಾಂದನಿ ಮಾರ್ಕೆಟ್ಟಿನಲ್ಲಿ ಹಾಗೆ ಕೇಳಿದರೆ ಯಾರೂ ಕೊಡಲಾರರು. ಆದುದರಿಂದ ಬಳಕೆಯ ಹೆಸರನ್ನೇ ಇಟ್ಟುಕೊಳ್ಳೋಣ. ವಿದ್ಯುತ್ತಿನ ಒತ್ತಡ ಕ್ಷಣಕ್ಷಣಕ್ಕೂ ಹೇಗೆ ಏರಿ ಇಳಿಯುತ್ತದೆಂಬುದನ್ನು ಅದು ಗೆರೆಯಾಗಿ ಬರೆದು ತೋರಿಸುತ್ತದೆ. ಮೇಲೆ ಕೆಳಗೆ ಆಗುವುದು ಒತ್ತಡ. ಎಡದಿಂದ ಬಲಕ್ಕೆ ಸಾಗುವುದು ಕಾಲ. ಹಳೆಯ ಮಾದರಿಯಲ್ಲಿ ಗಾಜಿನ ಕೊಳವೆಯೊಳಗೆ ಎಲೆಕ್ಟ್ರಾನುಗಳ ಕಿರಣವೊಂದು ಪರದೆಯ ಮೇಲೆ ಬೆಳಕಿನ ಚುಕ್ಕೆ ಮೂಡಿಸುತ್ತದೆ. 1897ರಲ್ಲಿ ಜರ್ಮನಿಯ ಬ್ರೌನ್ ಎಂಬವರು ಮಾಡಿದ ಕೊಳವೆಯೇ ಇದರ ಮೂಲ. ಚುಕ್ಕೆಯನ್ನು ಒಂದೇ ವೇಗದಲ್ಲಿ ಎಡದಿಂದ ಬಲಕ್ಕೆ ಎಳೆದೊಯ್ದು, ಕೊನೆ ಮುಟ್ಟಿದೊಡನೆ ಬೆಳಕನ್ನು ಮರೆಮಾಡಿ ಮತ್ತೆ ಎಡಕ್ಕೆ ತರುವ ಏರ್ಪಾಡಿಗೆ ಟೈಂಬೇಸ್ ಎಂದು ಹೆಸರು. ಎಳೆಯುವ ಒತ್ತಡದ ಆಕಾರ ಗರಗಸದ ಹಲ್ಲಿನಂತೆ: ಮೆಲ್ಲನೆ ಏರು, ತಟಕ್ಕನೆ ಇಳಿ.

ಪರದೆಯ ಅಗಲವನ್ನು ಸಾಮಾನ್ಯವಾಗಿ 10 ಮನೆಗಳಾಗಿ ಗೆರೆ ಹಾಕಿರುತ್ತಾರೆ. ಒಂದು ಮನೆ ದಾಟಲು ಚುಕ್ಕೆಗೆ ಎಷ್ಟು ಹೊತ್ತು ಬೇಕೆಂಬುದನ್ನು ಟೈಂಬೇಸಿನ ಗುಂಡಿ ನಿರ್ಧರಿಸುತ್ತದೆ. ಅದರ ಸುತ್ತ ಬರೆದಿರುವ ಅಂಕಿಗಳನ್ನು ನೋಡಿದೊಡನೆ ನನಗೆ ನಮ್ಮ ಕ್ಯಾಷ್ ಕೌಂಟರಿನ ನೆನಪಾಯಿತು. 1, 2, 5. 10, 20, 50. 100, 200, 500. ನಮ್ಮ ನಾಣ್ಯ ನೋಟುಗಳ ಸಾಲೇ ಸರಿ! 2017ರಲ್ಲಿ 200ರ ನೋಟು ಬಂದ ಮೇಲಂತೂ ಹೋಲಿಕೆ ಪೂರ್ತಿಯಾಗಿದೆ. ಕಾರಣವೂ ಒಂದೇ: ಕೆಲವೇ ಮೆಟ್ಟಿಲುಗಳಲ್ಲಿ ಸಣ್ಣದರಿಂದ ದೊಡ್ಡದಕ್ಕೆ ಹೋಗಬೇಕು, ಎಣಿಕೆಯೂ ಸುಲಭವಾಗಬೇಕು.

ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಎಂದರೆ ಒಂದು ಆವರ್ತನಕ್ಕೆ 20 ಮಿಲಿಸೆಕೆಂಡು. ಗುಂಡಿಯನ್ನು ಮನೆಗೆ 2 ಮಿಲಿಸೆಕೆಂಡಿಗೆ ತಿರುಗಿಸಿದರೆ ಹತ್ತು ಮನೆಗಳಲ್ಲಿ ಸರಿಯಾಗಿ ಒಂದು ಅಲೆ. 5ಕ್ಕೆ ತಿರುಗಿಸಿದರೆ ಎರಡೂವರೆ ಅಲೆ. ಅಲೆಯೇನೂ ಬದಲಾಗಲಿಲ್ಲ, ನಾವು ನೋಡುವ ಕಿಟಕಿಯ ಅಗಲ ಬದಲಾಯಿತು. ಟೈಂಬೇಸಿನ ವಿಷಯ ಇಷ್ಟೇ, ಸುಲಭದ್ದು.

ಕಷ್ಟ ಮುಂದಿದೆ. ಚುಕ್ಕೆ ಒಂದು ಸಲ ಹಾದು ಹೋದರೆ ಕಣ್ಣಿಗೆ ಏನೂ ನಿಲ್ಲದು. ಮತ್ತೆ ಮತ್ತೆ ಅದೇ ಗೆರೆಯ ಮೇಲೆ ಹಾದರೆ ಮಾತ್ರ ಚಿತ್ರ ನಿಂತಂತೆ ಕಾಣುತ್ತದೆ. ಚುಕ್ಕೆಯ ಒಂದು ಸುತ್ತಿಗೆ 23 ಮಿಲಿಸೆಕೆಂಡು ಹಿಡಿಯಿತೆನ್ನಿ. ಅಲೆಗೆ ಬೇಕಾದದ್ದು 20. ಎರಡನೆಯ ಸುತ್ತು ಅಲೆಯ 3 ಮಿಲಿಸೆಕೆಂಡು ಮುಂದಿನ ಜಾಗದಿಂದ ಆರಂಭವಾಗುತ್ತದೆ, ಮೂರನೆಯದು 6 ಮುಂದೆ. ಪರಿಣಾಮವಾಗಿ ಚಿತ್ರ ಹಾವಿನಂತೆ ಹರಿಯುತ್ತಲೇ ಇರುತ್ತದೆ. ಹೊಸಬರು ಇದನ್ನು ನಿಲ್ಲಿಸಲು ಟೈಂಬೇಸಿನ ಗುಂಡಿಯನ್ನೇ ತಿರುಚುತ್ತಾ ಕೂರುತ್ತಾರೆ. ಅದರ ಮದ್ದು ಅಲ್ಲಿಲ್ಲ. ಎಷ್ಟು ಹೊತ್ತು ನೋಡಬೇಕೆಂಬುದು ಟೈಂಬೇಸಿನ ಮಾತು. ಯಾವ ಗಳಿಗೆಯಿಂದ ನೋಡಲು ತೊಡಗಬೇಕೆಂಬುದು ಟ್ರಿಗರಿನ ಮಾತು. ಟ್ರಿಗರೆಂದರೆ ಕೋವಿಯ ಕುದುರೆ. ಅದನ್ನು ಎಳೆಯುವತನಕ ಚುಕ್ಕೆ ಎಡತುದಿಯಲ್ಲಿ ಕಾಯುತ್ತಿರುತ್ತದೆ.

ಎಳೆಯುವುದು ಯಾವಾಗ? ಇದಕ್ಕೆ ನಮ್ಮ ಸಿಯಾಲ್ದಾ ನಿಲ್ದಾಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. ಇದು ಹಳಿಗಳ ಕೊನೆ. ಬಂದ ಗಾಡಿ ಬಂದ ದಾರಿಯಲ್ಲೇ ಹಿಂದಿರುಗಬೇಕು. ಪ್ಲಾಟ್‌ಫಾರಮಿನ ಹೊರಗೆ ಹಳಿಯ ಪಕ್ಕದಲ್ಲಿ ಒಂದು ಕಂಬವಿದೆಯೆನ್ನಿ. ತಾವು ಕಣ್ಣುಮುಚ್ಚಿ ನಿಂತು, ಮನಸ್ಸಿಗೆ ಬಂದಾಗಲೆಲ್ಲ ಒಮ್ಮೆ ಕಣ್ಣು ತೆರೆದರೆ, ಗಾಡಿ ಒಂದೊಂದು ಸಲ ಒಂದೊಂದು ಕಡೆ ಕಂಡು ಎಲ್ಲ ಕಲಸಿಹೋಗುತ್ತದೆ. ಗಾಡಿಯ ಮೂತಿ ಆ ಕಂಬವನ್ನು ಮುಟ್ಟಿದಾಗ ಮಾತ್ರ ಪಕ್ಕದವರು ತಮ್ಮ ಭುಜ ತಟ್ಟಲಿ, ಆಗಲೇ ಕಣ್ಣು ತೆರೆಯಿರಿ. ಪ್ರತಿ ಸಲವೂ ಅದೇ ನೋಟ. ಕಂಬವನ್ನು ಎಲ್ಲಿ ನೆಡಬೇಕೆಂದು ಹೇಳುವ ಗುಂಡಿಗೆ ಲೆವೆಲ್ ಎಂದು ಹೆಸರು. ಆದರೆ ಅದೇ ಕಂಬವನ್ನು ಗಾಡಿ ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ, ಹೀಗೆ ಎರಡು ಸಲ ದಾಟುತ್ತದಲ್ಲ? ಯಾವುದನ್ನು ಎಣಿಸಬೇಕೆಂದು ಹೇಳುವ ಗುಂಡಿ ಸ್ಲೋಪ್. ಅಲೆಯೂ ಹಾಗೆಯೇ; ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಅದೇ ಎತ್ತರವನ್ನು ದಾಟುತ್ತದೆ.

ಕಂಬವನ್ನು ಗಾಡಿಯೇ ಹೋಗದ ಕಡೆ ನೆಟ್ಟರೆ? ಲೆವೆಲ್ಲನ್ನು ಅಲೆಯ ತುದಿಗಿಂತ ಮೇಲಿಟ್ಟರೆ ಕುದುರೆ ಎಳೆಯುವವರೇ ಇಲ್ಲ. ಆಗ ಯಂತ್ರ ಏನು ಮಾಡಬೇಕೆಂಬುದನ್ನು ಮೋಡ್ ಎಂಬ ಗುಂಡಿ ಹೇಳುತ್ತದೆ. ಆಟೋ ಎಂದಿದ್ದರೆ ಸ್ವಲ್ಪ ಕಾದು ತಾನೇ ಓಡಿಬಿಡುತ್ತದೆ. ಚಿತ್ರ ಹರಿದಾಡಿದರೂ ಏನೋ ಒಂದು ಕಾಣುತ್ತದೆ. ನಾರ್ಮಲ್ ಎಂದಿದ್ದರೆ ಹಟಮಾರಿ: ಕಂಬ ಮುಟ್ಟದ ಹೊರತು ಕದಲದು. ಸಿಂಗಲ್ ಎಂದರೆ ಒಂದೇ ಒಂದು ಸಲ ಓಡಿ ನಿಂತುಬಿಡುತ್ತದೆ. ಪರದೆ ಕಪ್ಪಗಿದ್ದರೆ ಯಂತ್ರ ಕೆಟ್ಟಿದೆಯೆಂದು ಗಾಬರಿಯಾಗುವ ಮುನ್ನ ಈ ಗುಂಡಿಯನ್ನು ನೋಡುವುದು ಒಳ್ಳೆಯದು.

ಇನ್ನು ನಮ್ಮ ಧ್ವನಿವರ್ಧಕಕ್ಕೆ ಬರೋಣ. ಟ್ರಿಗರಿಗೆ ಸೋರ್ಸ್ ಎಂಬ ಇನ್ನೊಂದು ಆಯ್ಕೆಯಿದೆ. ನೋಡುತ್ತಿರುವ ಅಲೆಯೇ ಕುದುರೆ ಎಳೆಯಬೇಕೆಂದಿಲ್ಲ, ಬೇರೆಯವರೂ ಎಳೆಯಬಹುದು. ಲೈನ್ ಎಂದಿಟ್ಟರೆ ಯಂತ್ರಕ್ಕೆ ಬರುವ ಮನೆವಿದ್ಯುತ್ತೇ ಎಳೆಯುತ್ತದೆ. ಹುಡುಗ ಮಾಡಿದ್ದು ಇದನ್ನೇ. ಧ್ವನಿವರ್ಧಕದ ಒಳಗೆ, ಏಕಮುಖ ವಿದ್ಯುತ್ತು ಇರಬೇಕಾದ ಜಾಗಕ್ಕೆ ತನಿಖೆಯ ತಂತಿ ಮುಟ್ಟಿಸಿ, ಸೋರ್ಸನ್ನು ಲೈನ್‌ಗೆ ತಿರುಗಿಸಿದ. ಸಪಾಟಾಗಿರಬೇಕಾದ ಕಡೆ ಗರಗಸದಂಥ ಹಲ್ಲುಗಳು ಕಂಡವು, ಮತ್ತು ಅವು ಅಲುಗಾಡದೆ ನಿಂತಿದ್ದವು. ಈ ನಿಂತದ್ದೇ ಮುಖ್ಯ ಸಾಕ್ಷ್ಯ. ಗುಂಯ್‌ಕಾರಕ್ಕೆ ಮನೆವಿದ್ಯುತ್ತಿನ ಸಂಬಂಧವಿಲ್ಲದಿದ್ದರೆ ಚಿತ್ರ ಹರಿದಾಡಬೇಕಿತ್ತು. ಟೈಂಬೇಸ್ ಮನೆಗೆ 5 ಮಿಲಿಸೆಕೆಂಡು; ಹಲ್ಲಿನಿಂದ ಹಲ್ಲಿಗೆ ಎರಡು ಮನೆ; ಎಂದರೆ 10 ಮಿಲಿಸೆಕೆಂಡು, ಸೆಕೆಂಡಿಗೆ 100 ಸಲ. ಹೊರಗಿನ ತಂತಿಯಿಂದ ನುಸುಳಿದ ಗುಂಯ್‌ಕಾರ ಸಾಮಾನ್ಯವಾಗಿ 50ರದ್ದು. ಅಲೆಯ ಎರಡೂ ಅರ್ಧಗಳನ್ನು ಒಂದೇ ಕಡೆಗೆ ಮಗುಚುವ ರೆಕ್ಟಿಫಯರಿನ ಆಚೆಗೆ ಮಾತ್ರ ಅದು 100 ಆಗುತ್ತದೆ. ಅಲ್ಲಿ ಹಲ್ಲುಗಳನ್ನು ತುಂಬಿ ಸಪಾಟು ಮಾಡಬೇಕಾದದ್ದು ದೊಡ್ಡ ಕೆಪ್ಯಾಸಿಟರು, ವಯಸ್ಸಾಗಿ ಒಣಗಿಹೋಗಿತ್ತು. ಹೊಸದನ್ನು ಕೊಂಡ ರಸೀದಿ ನನ್ನ ಬಳಿ ಇದೆ. ಹೊಸ ಧ್ವನಿವರ್ಧಕದ ಬೆಲೆಯ ಮುಂದೆ ಅದು ಚಹಾದ ಖರ್ಚು.

ಗುಂಯ್‌ಕಾರ ಹೋದ ಮೇಲೆ, ಅಲ್ಲಿಯವರೆಗೆ ಅದರ ಮರೆಯಲ್ಲಿದ್ದ ಇನ್ನೊಂದು ದೋಷ ಕೇಳಿಬಂತು: ಯಾವಾಗಲೋ ಒಮ್ಮೆ 'ಟಪ್' ಎಂಬ ಸದ್ದು. ಹೀಗೆ ಅಪರೂಪಕ್ಕೆ ಬರುವ ಅತಿಥಿಯನ್ನು ಹಿಡಿಯುವುದಕ್ಕೇ ಸಿಂಗಲ್ ಇರುವುದು. ಲೆವೆಲ್ಲನ್ನು ಮಾತಿನ ಅಲೆಗಳಿಗಿಂತ ಎತ್ತರದಲ್ಲಿಟ್ಟು, ನಾವು ಚಹಾ ಕುಡಿಯುತ್ತ ಕೂತೆವು. ಅರ್ಧ ಗಂಟೆಯ ಮೇಲೆ ಬಿತ್ತು ಬಲೆಗೆ. ಅದೇ ಗಳಿಗೆಗೆ ಕಟ್ಟಡದ ನೀರಿನ ಪಂಪು ನಿಂತಿತ್ತು. ಎರಡನೆಯ ಸಲವೂ ಹಾಗೆಯೇ ಆಯಿತು. ಈಗ ಸಭೆಯ ಹೊತ್ತಿನಲ್ಲಿ ಪಂಪು ಹಾಕಬೇಡಿರೆಂದು ದರವಾನನಿಗೆ ಹೇಳಿಟ್ಟಿದ್ದೇವೆ. ಇದು ವಿಜ್ಞಾನದ ಪರಿಹಾರವಲ್ಲ, ಸಂಸಾರಿಗಳ ಪರಿಹಾರ.

ಇಲ್ಲಿ ಈಗಿನ ಡಿಜಿಟಲ್ ಯಂತ್ರದ ಒಂದು ಅನುಕೂಲವನ್ನು ಹೇಳಬೇಕು. ಹಳೆಯದು ಕುದುರೆ ಎಳೆದ ಮೇಲಿನದನ್ನೇ ತೋರಿಸಬಲ್ಲುದು. ಹೊಸದು ಸದಾ ಬರೆದುಕೊಳ್ಳುತ್ತಲೇ ಇದ್ದು, ಹಳೆಯದನ್ನು ಅಳಿಸುತ್ತಿರುತ್ತದೆ. ಟ್ರಿಗರ್ ಬಂದಾಗ, ಅದಕ್ಕೆ ಮೊದಲಿನದನ್ನು ಅಳಿಸದೆ ಉಳಿಸಿಕೊಳ್ಳುತ್ತದೆ. ಬ್ಯಾಂಕಿನ ಕ್ಯಾಮರಾ ಹೀಗೆಯೇ ಅಲ್ಲವೇ? ಗಂಟೆ ಬಾರಿಸಿದ ಮೇಲಿನ ಚಿತ್ರಕ್ಕಿಂತ ಅದಕ್ಕೆ ಮುಂಚಿನ ಐದು ನಿಮಿಷವೇ ಪೊಲೀಸರಿಗೆ ಬೇಕಾದದ್ದು.

ಸಂಗೀತ ಬಲ್ಲ ತಾಯಂದಿರಿಗಾಗಿ ಹೋಲ್ಡ್‌ಆಫ್ ಎಂಬ ಗುಂಡಿಯ ವಿಚಾರ. ಆದಿತಾಳದ ಎಂಟು ಎಣಿಕೆಗಳಲ್ಲಿ 1, 5, 7ರಲ್ಲಿ ಪೆಟ್ಟು. ಟ್ರಿಗರಿಗೆ ತಾಳಜ್ಞಾನವಿಲ್ಲ, ಯಾವ ಪೆಟ್ಟಾದರೂ ಪೆಟ್ಟೇ. ಚುಕ್ಕೆ ಮೂರು ಎಣಿಕೆಯಷ್ಟು ಓಡುತ್ತದೆಯೆನ್ನಿ. 1ರಲ್ಲಿ ಹೊರಟು 4ರಲ್ಲಿ ಮುಗಿಸಿ, 5ರ ಪೆಟ್ಟಿಗೆ ಮತ್ತೆ ಹೊರಟು, ಆಮೇಲೆ ಮುಂದಿನ ಆವರ್ತದ 1. ಎರಡು ಬೇರೆ ಬೇರೆ ಚಿತ್ರಗಳು ಒಂದರ ಮೇಲೊಂದು ಬಿದ್ದು ಗೋಜಲು. ಹೊರಟ ಮೇಲೆ ಏಳೂವರೆ ಎಣಿಕೆಯತನಕ ಯಾವ ಪೆಟ್ಟಿಗೂ ಓಗೊಡಬೇಡವೆಂದು ಕಟ್ಟುಮಾಡುವುದೇ ಹೋಲ್ಡ್‌ಆಫ್. ಆಗ ಪ್ರತಿ ಆವರ್ತದಲ್ಲೂ ಒಂದೇ ಪೆಟ್ಟಿನಿಂದ ಹೊರಡುತ್ತದೆ. ಅದು ಸಮವೇ ಆಗಿರುತ್ತದೆಂಬ ಭರವಸೆಯಿಲ್ಲ, ಚಿತ್ರವಂತೂ ನಿಲ್ಲುತ್ತದೆ.

ಆರಂಭದ ಗಳಿಗೆಗೆ ಎಷ್ಟು ಬೆಲೆಯಿದೆಯೆಂಬುದಕ್ಕೆ ಈ ರಸ್ತೆಯ ಒಂದು ಸಂಗತಿಯನ್ನು ಹೇಳುತ್ತೇನೆ. ನಿಲ್ದಾಣದಿಂದ ಆಚಾರ್ಯ ಪ್ರಫುಲ್ಲಚಂದ್ರ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ರಾಜಾಬಜಾರಿನಲ್ಲಿ ವಿಶ್ವವಿದ್ಯಾನಿಲಯದ ಸೈನ್ಸ್ ಕಾಲೇಜು, 92ನೆಯ ನಂಬರು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಶಿಶಿರಕುಮಾರ ಮಿತ್ರರು ಬಾನಿನ ಎತ್ತರದಲ್ಲಿ ರೇಡಿಯೋ ಅಲೆಗಳನ್ನು ಹಿಂದಿರುಗಿಸುವ ಅಯಾನುಗೋಲವನ್ನು ಜೀವಮಾನವಿಡೀ ಅಭ್ಯಸಿಸಿದರು. 1947ರಲ್ಲಿ ಏಷ್ಯಾಟಿಕ್ ಸೊಸೈಟಿ ಪ್ರಕಟಿಸಿದ ಅವರ ಗ್ರಂಥ ಲೋಕಪ್ರಸಿದ್ಧ. 1949ರಲ್ಲಿ ಅಲ್ಲಿ ರೇಡಿಯೋ ಭೌತವಿಜ್ಞಾನ ಮತ್ತು ಎಲೆಕ್ಟ್ರಾನಿಕ್ಸಿನ ಸಂಸ್ಥೆ ಹುಟ್ಟಿದ್ದು ಅವರಿಂದಲೇ.

ಅಯಾನುಗೋಲದ ಎತ್ತರವನ್ನು ಅಳೆಯುವ ಒಂದು ಹೆಸರಾದ ವಿಧಾನ ಅಮೆರಿಕದ ಬ್ರೈಟ್ ಮತ್ತು ಟ್ಯೂವ್ ಎಂಬವರು 1925ರಲ್ಲಿ ನಡೆಸಿದ್ದು: ರೇಡಿಯೋದ ಒಂದು ಚಿಕ್ಕ ತುಣುಕನ್ನು ಮೇಲಕ್ಕೆ ಎಸೆದು ಪ್ರತಿಧ್ವನಿಗೆ ಕಾಯುವುದು. ಎಸೆದ ಗಳಿಗೆಯೇ ಆಸಿಲೋಸ್ಕೋಪಿನ ಕುದುರೆಯನ್ನೂ ಎಳೆದರೆ ಪರದೆ ಅಳತೆಗೋಲಾಗಿಬಿಡುತ್ತದೆ. ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. 300 ಕಿಲೋಮೀಟರು ಹೋಗಿ ಬರಲು 2 ಮಿಲಿಸೆಕೆಂಡು. ಟೈಂಬೇಸ್ ಮನೆಗೆ ಅರ್ಧ ಮಿಲಿಸೆಕೆಂಡಿದ್ದರೆ ಪ್ರತಿಧ್ವನಿ ಸರಿಯಾಗಿ ನಾಲ್ಕನೆಯ ಗೆರೆಯ ಮೇಲೆ. ಒಂದೊಂದು ಮನೆಯೂ 75 ಕಿಲೋಮೀಟರು ಆಕಾಶ! ಟ್ರಿಗರು ಒಂದು ಮಿಲಿಸೆಕೆಂಡಿನ ಹತ್ತರಲ್ಲೊಂದು ಪಾಲು ತಡವಾದರೆ ಲೆಕ್ಕದಲ್ಲಿ ಆಕಾಶವೇ 15 ಕಿಲೋಮೀಟರು ಕೆಳಗಿಳಿಯುತ್ತದೆ. ನಮ್ಮ ಬ್ಯಾಂಕಿನಲ್ಲಿ ಬಡ್ಡಿಯ ಆರಂಭದ ತಾರೀಖು ತಪ್ಪಿದಂತೆಯೇ ಸರಿ.

ಹಿಂದಿನ ಮೇಜಿನ ಮೇಲೆ ಯಂತ್ರವನ್ನು ಇರಿಸಿದ್ದೇವೆ. ಹುಡುಗ ಪಕ್ಕದಲ್ಲೇ ಇರುತ್ತಾನೆ. ಮಕ್ಕಳು ಮೊದಲು ಬರಲಿ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಬಂಗಾಳಿಯಲ್ಲಿ ಕೇಳಿದರೂ ಅವನು ಕನ್ನಡದಲ್ಲೇ ಹೇಳುವನೆಂದು ಒಪ್ಪಿಕೊಂಡಿದ್ದಾನೆ. ಮೈಕಿನಲ್ಲಿ ತಮ್ಮ ಹೆಸರನ್ನು ಕೂಗಿ, ಅಲೆಯನ್ನು ಲೆವೆಲ್ ಗುಂಡಿಯಿಂದ ನಿಲ್ಲಿಸಿ ನೋಡಬಹುದು. ಒಂದೇ ಎಚ್ಚರಿಕೆ: ತನಿಖೆಯ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಯಾರೂ ತಾಗಿಸಕೂಡದು. ಅದರ ಕಪ್ಪು ಕೊಂಡಿ ನೆಲದ ತಂತಿಗೆ ಜೋಡಣೆಯಾಗಿದೆ. ತಾಗಿಸಿದರೆ ಯಂತ್ರಕ್ಕೂ ತಮಗೂ ಅಪಾಯ. ಹಿಂದಿನ ಸಾಲಿನವರಿಗೆ ನನ್ನ ಮಾತು ಕೇಳಿಸಿತೋ ಇಲ್ಲವೋ ದಯವಿಟ್ಟು ಕೈಯೆತ್ತಿ ತಿಳಿಸಬೇಕು.